ದಾದಿಮಾ ಕನ್ನಡ ಮಾತಾಡಿದ ವರ್ಷಗಳು

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಮೇಷ್ಟ್ರು ನನ್ನನ್ನು ಶಾಲೆಗೆ ಕರೆಸಿದರು. ಮೇಜಿನ ಮೇಲೆ ಅವಳ ಕಾಪಿ ಪುಸ್ತಕ ತೆರೆದಿತ್ತು. 'ಮರ' ಇರಬೇಕಾದಲ್ಲಿ 'ವರ' ಇತ್ತು. ಕೊಂಬುಗಳೆಲ್ಲ ಅಕ್ಷರದ ಎಡಕ್ಕೆ ನೇತಾಡುತ್ತಿದ್ದವು. ಒತ್ತಕ್ಷರಗಳನ್ನಂತೂ ಅವಳು ಪೂರಾ ಕೈಬಿಟ್ಟಿದ್ದಳು.

"ನೋಡಮ್ಮಾ, ನಿಮ್ಮನೇಲಿ ಬೆಳಿಗ್ಗಿಂದ ಸಂದೆಗಂಟ ಉರ್ದು. ಇಲ್ಲಿಗ್ ಬಂದ್ರೆ ಕನ್ನಡ. ಮಗ ಏನ್ ಮಾಡ್ಬೇಕು? ಎರಡೂ ಕಲಸೋಯ್ತವೆ. ಈ ಕೊಂಬ್ ನೋಡಿ, ತಿರುಗ್ಸಿ ಆಕವಳೆ. ನಿಮ್ಮ ಬರವಣಿಗೆ ಬಲಗಡಿಂದ ಅಲ್ವಾ, ಅದ್ಕೇ ಕಣಮ್ಮಾ ಇದು. ಮನೇಲೂ ಕನ್ನಡವೇ ಮಾತಾಡಿ. ಒಂದ್ ವರ್ಸದಲ್ಲಿ ಸರಿ ಓಯ್ತದೆ" ಎಂದರು.

ಆ ಮೇಷ್ಟ್ರು ಕೆಟ್ಟವರಲ್ಲ. ಉಮ್ಮತ್ತೂರು ಕಡೆಯವರು, ಗುಂಡ್ಲುಪೇಟೆಯಲ್ಲಿ ರೂಮು ಮಾಡಿಕೊಂಡಿದ್ದರು. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಅವರಲ್ಲಿದ್ದ ಒಂದೇ ಊನವೆಂದರೆ ಹಕಾರ. ಒಮ್ಮೆ ಉಕ್ತಲೇಖನ ಕೊಡುವಾಗ "ಅಕ್ಕಿ ಆರ್ತಾ ಅದೆ, ಬರೀರಿ" ಎಂದರಂತೆ. ನನ್ನ ಮಗಳು ಎದ್ದು ನಿಂತು, "ಸಾರ್, ತಿನ್ನೋ ಅಕ್ಕಿನಾ, ಹಾರೋ ಹಕ್ಕಿನಾ?" ಎಂದು ಕೇಳಿದಳಂತೆ. ಕ್ಲಾಸೆಲ್ಲ ನಕ್ಕಿತು, ಮೇಷ್ಟ್ರೂ ನಕ್ಕರು. ಉರ್ದು ಮನೆಯ ಮಕ್ಕಳ ಬಾಯಲ್ಲಿ ಹಕಾರ ಬಿದ್ದುಹೋಗುವುದಿಲ್ಲ. ಅಷ್ಟು ಚುರುಕು ಕಿವಿಯ ಹುಡುಗಿ ಆಮೇಲೆ ಕೂತು ಬರೆದದ್ದು ಅಕ್ಕಿಯೂ ಆಗಿರಲಿಲ್ಲ, ಹಕ್ಕಿಯೂ ಆಗಿರಲಿಲ್ಲ. ಕಿವಿಗೆ ಸಿಕ್ಕದ್ದು ಕೈಗೆ ಏಕೆ ಸಿಗುತ್ತಿಲ್ಲ ಎಂದು ಯಾರೂ ಕೇಳಲಿಲ್ಲ. ಆ ಕಥೆಯನ್ನು ಮೇಷ್ಟ್ರೇ ನನಗೆ ತಮಾಷೆಯಾಗಿ ಹೇಳಿದ್ದು, ನಾನೂ ನಕ್ಕೆ.

ಮಸೀದಿಯ ಹಿಂದಿನ ಕೋಣೆಯಲ್ಲಿ ಸಂಜೆ ಪಾಠ ಹೇಳುವ ಉಸ್ತಾದರನ್ನೂ ಹೋಗಿ ಕೇಳಿದೆ. ಅವರು ಬೇರೆ ರಾಗ ತೆಗೆದರು. "ಕನ್ನಡ ಶಾಲೆಗೆ ಹಾಕಿದ್ದೀರಲ್ಲ, ಎಡದಿಂದ ಬರೆದು ಬರೆದು ಇಲ್ಲಿ ಅಲಿಫ್ ಬೇ ಅಕ್ಷರವೆಲ್ಲ ಉಲ್ಟಾ ಆಗಿದೆ" ಎಂದರು. ಬಾಯಿಪಾಠವಾದರೆ ಒಂದು ಸಲ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಾಳೆ, ಪುಸ್ತಕ ಕೊಟ್ಟರೆ ಮಾತ್ರ ಅಳುತ್ತಾಳೆ ಎಂದೂ ಹೇಳಿದರು. ಒಬ್ಬರು ತಪ್ಪನ್ನು ಬಲದ ಮೇಲೆ ಹಾಕಿದರು, ಇನ್ನೊಬ್ಬರು ಎಡದ ಮೇಲೆ. ಎರಡು ಕಡೆಯೂ ಅದೇ ಮಗು, ಅದೇ ತೊಡಕು. ಅವರಿಬ್ಬರೂ ಒಂದು ದಿನ ಕೂತು ಟೀ ಕುಡಿದಿದ್ದರೆ ಯಾರಿಗಾದರೂ ಹೊಳೆಯುತ್ತಿತ್ತೇನೋ. ಟೀ ಕುಡಿಯುವಷ್ಟು ಪರಿಚಯ ಅವರಿಗಿರಲಿಲ್ಲ.

ನಮ್ಮದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನನ್ನ ಗಂಡ ಹತ್ತಿ ಹಾಸಿಗೆ ಹೊಲಿಯುತ್ತಾರೆ, ಬೂರುಗದ ಹತ್ತಿಯ ದಿಂಬು ತುಂಬುತ್ತಾರೆ. ಈಗ ಎಲ್ಲರಿಗೂ ಫೋಮ್ ಬೇಕು, ಆದರೂ ಬಾಣಂತಿಯರಿರುವ ಮನೆಯವರು, ಬೆನ್ನುನೋವಿನವರು, ಗಡಿಯಾಚೆಯಿಂದ ಬರುವ ಮಲಯಾಳಿಗಳು ಹತ್ತಿಯನ್ನೇ ಕೇಳುತ್ತಾರೆ. ಆಗ ನಮ್ಮ ಅತ್ತೆ ಬದುಕಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವರು ಹಿಂದಿನ ಪಡಸಾಲೆಯಲ್ಲಿ ಬೂರುಗದ ಹತ್ತಿಯ ರಾಶಿ ಹಾಕಿಕೊಂಡು ಬೀಜ ಬಿಡಿಸಲು ಕೂರುತ್ತಿದ್ದರು. ಶಾಲೆಯಿಂದ ಬಂದವಳೇ ಮಗಳು ಬ್ಯಾಗು ಎಸೆದು ಅವಳ ದಾದಿಮಾನ, ಅಂದರೆ ಅಜ್ಜಿಯ, ಪಕ್ಕಕ್ಕೆ ಓಡುತ್ತಿದ್ದಳು. ಅತ್ತೆಯ ಕೈ ಬೀಜ ಬಿಡಿಸುತ್ತಿತ್ತು, ಬಾಯಿ ಕಥೆ ಹೇಳುತ್ತಿತ್ತು. ಸಂಜೆಯ ಹೊತ್ತಿಗೆ ಇಬ್ಬರ ಕೂದಲೂ ಬೆಳ್ಳಗಾಗಿರುತ್ತಿತ್ತು.

ಅದು ಒಂದೇ ಕಥೆ, ತಿಂಗಳುಗಟ್ಟಲೆ ನಡೆಯಿತು. ಒಬ್ಬ ದರ್ಜಿಯ ಮಗಳಿಗೆ ದಾರಿಯಲ್ಲಿ ಒಂದು ಚಿನ್ನದ ಗುಂಡಿ ಸಿಗುತ್ತದೆ. ಕುದುರೆ ಮೇಲೆ ಹೋದ ಷಹಜಾದೆಯ, ಅಂದರೆ ರಾಜಕುಮಾರನ, ಷೇರ್ವಾನಿಯಿಂದ ಬಿದ್ದದ್ದು. ಅದನ್ನು ವಾಪಸು ಕೊಡಲು ಅವಳು ನಡೆದುಕೊಂಡು ಹೊರಡುತ್ತಾಳೆ. ಆದರೆ ಪ್ರತಿ ಊರಿನಲ್ಲೂ ಆ ಗುಂಡಿ ಯಾರಿಗೋ ಬೇಕಾಗುತ್ತದೆ. ಮಿಠಾಯಿ ಅಂಗಡಿಯವನ ತಕ್ಕಡಿಯ ಒಂದು ಸಣ್ಣ ತೂಕದ ಬಟ್ಟು ಕಳೆದಿರುತ್ತದೆ, ಅದರ ಬದಲಿಗೆ. ಒಬ್ಬ ಮದುಮಗಳ ಕುಪ್ಪಸದ ಗುಂಡಿ ನಿಕಾಹ್ ಹೊತ್ತಿಗೆ ಕಿತ್ತುಹೋಗಿರುತ್ತದೆ, ಅದರ ಬದಲಿಗೆ. ದರ್ಜಿಯ ಮಗಳು ಕೊಟ್ಟು, ಕಾದು, ಇಸಕೊಂಡು ಮುಂದಕ್ಕೆ ಹೋಗುತ್ತಾಳೆ. ದಿನಕ್ಕೊಂದು ಊರು. ಅತ್ತೆ ಅದನ್ನು ಎಲ್ಲಿ ಕಲಿತರೋ ಗೊತ್ತಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಅಲ್ಲೊಂದು ಇಲ್ಲೊಂದು ತುಣುಕು ಕೇಳಿಸಿಕೊಂಡದ್ದೇ ಹೊರತು ಕೂತು ಕೇಳಿದವಳಲ್ಲ.

ಮಗಳು ಕೇಳಿದ್ದನ್ನು ಮಾರನೆಯ ದಿನ ಹತ್ತಿ ರಾಶಿಯ ಮುಂದೆ ಕೂತು ಅದಕ್ಕೇ ಹೇಳುತ್ತಿದ್ದಳು. ದಾದಿಮಾನ ಕೆಮ್ಮು ಎಲ್ಲಿ ಬಂದಿತ್ತೋ ಅಲ್ಲಿ ತಾನೂ ಕೆಮ್ಮುತ್ತಿದ್ದಳು. ಇಷ್ಟು ಮಾತಾಡುವ ಮಗುವಿಗೆ ಓದು ಹತ್ತದಿದ್ದರೆ ಮಾತೇ ಹೆಚ್ಚಾಯಿತು ಎಂದುಕೊಳ್ಳುವುದು ಎಷ್ಟು ಸುಲಭ. ನಾವೆಲ್ಲ ಹಾಗೇ ಅಂದುಕೊಂಡೆವು.

ಮೇಷ್ಟ್ರು ಹೇಳಿದ್ದನ್ನು ನಾನು ಆ ಸಂಜೆ ನನ್ನ ಗಂಡನಿಗೆ ಹೇಳುತ್ತಿದ್ದೆ. ಅತ್ತೆ ಪಡಸಾಲೆಯಿಂದ ಕೇಳಿಸಿಕೊಂಡರು. ನಾನು ಚಾಮರಾಜನಗರದಲ್ಲಿ ಕನ್ನಡ ಶಾಲೆಯಲ್ಲಿ ಓದಿ ಕಾಲೇಜು ಮೆಟ್ಟಿಲು ಹತ್ತಿದವಳು, ನನಗೆ ಎರಡೂ ಭಾಷೆ ಒಂದೇ. ಗಂಡನಿಗೆ ಅಂಗಡಿಗೆ ಬೇಕಾದಷ್ಟು ಕನ್ನಡ ಬರುತ್ತದೆ. ಆದ್ದರಿಂದ ಮೇಷ್ಟ್ರ ಮಾತು ನಮ್ಮಿಬ್ಬರಿಗಿಂತ ಹೆಚ್ಚಾಗಿ ಯಾರಿಗೆ ಹೇಳಿದ್ದು ಎಂದು ಅತ್ತೆಗೆ ತಿಳಿಯಿತು. ಅವರು ನಮ್ಮ ಮಾತಿನಲ್ಲಿ, ಉರ್ದುವಿನಲ್ಲಿ, "ನನ್ನ ಬಾಯಿಂದ ಮಗೂನ ಓದು ಹಾಳಾಗೋದು ಬೇಡ" ಎಂದರು. ನಾವು ಯಾರೂ "ಇಲ್ಲಮ್ಮಾ" ಅನ್ನಲಿಲ್ಲ.

ಮಾರನೆಯ ದಿನ ಮಗಳು ಬ್ಯಾಗು ಎಸೆದು ಬಂದಾಗ ಅತ್ತೆ, "ಬಾ ಕಣಮ್ಮಿ. ಉಂಡಾ?" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರಿಗೆ ಬರುತ್ತಿದ್ದುದು ಬೀದಿಯ ಕನ್ನಡ. ಸೊಪ್ಪಿನವಳು, ಹಾಲಿನವಳು, ಸಂತೆಯ ಬಾಳೆಕಾಯಿಯವನು ಕಲಿಸಿದ್ದು. ಅವರೆಲ್ಲ ಇವರನ್ನು "ಬೂಬಮ್ಮಾ" ಎಂದು ಕರೆದು ಜಗಳವಾಡುತ್ತ ಚೌಕಾಸಿ ಮಾಡುತ್ತ ವರ್ಷಗಟ್ಟಲೆ ಕೊಟ್ಟ ಮಾತು ಅದು. ಹೆಚ್ಚು ಹೇಳ್ತೀಯ, ಬುಡು, ನೆನ್ನೆ ಕೊಟ್ಟಿದ್ದು ಕೊಳೆತೋಗಿತ್ತು ಕಣ, ನಾಳೆ ಬಾ. ಚೌಕಾಸಿಗೆ, ಬೈಗುಳಕ್ಕೆ, ಊಟ ಆಯ್ತಾ ಎಂದು ಕೇಳುವುದಕ್ಕೆ ಏನೂ ಕೊರತೆಯಿರಲಿಲ್ಲ. ಷಹಜಾದೆಗೆ, ಷೇರ್ವಾನಿಗೆ, ದೂರದ ಊರಿನ ದೀಪಗಳಿಗೆ ಅದರಲ್ಲಿ ಜಾಗವಿರಲಿಲ್ಲ.

ಮಗಳು ಕಥೆ ಬೇಕು ಎಂದು ಹಟ ಹಿಡಿದಳು. ಹಿಂದಿನ ದಿನ ದರ್ಜಿಯ ಮಗಳು ಒಂದು ದೊಡ್ಡ ನದಿಯ ದಡಕ್ಕೆ ಬಂದು ನಿಂತಿದ್ದಳು. ಅತ್ತೆ ಹತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ಶುರು ಮಾಡಿದರು. "ಒಂದು ನದಿ. ದೊಡ್ಡ ನದಿ ಅದೆ." ನನ್ನ ಕಡೆ ತಿರುಗಿ, "ಮಲ್ಲಾಹ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದರು. "ಅಂಬಿಗ" ಎಂದೆ. "ಅಂಬಿಗ ಬಂದ. ಗುಂಡಿ ಬ್ಯಾಡ ಅಂದ. ನಾನು ಒಂದ್ ಮಾತು ಕೇಳ್ತೀನಿ, ಜವಾಬು ಯೋಳು, ದಾಟುಸ್ತೀನಿ ಅಂದ." ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅತ್ತೆಯ ತುಟಿ ಅಲ್ಲಾಡಿತು, ಕನ್ನಡ ಬರಲಿಲ್ಲ. "ಬುಡು ಕಣಮ್ಮಿ, ನಾಳಿಕ್ಕೆ" ಎಂದರು.

ನಾಳೆ ಬರಲಿಲ್ಲ. ಮಗಳು ಕೆಲವು ದಿನ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಅತ್ತೆ ಹಿಡಿದದ್ದನ್ನು ಬಿಡುವ ಹೆಂಗಸಲ್ಲ. ಅಂದಿನಿಂದ ಮೊಮ್ಮಗಳ ಜೊತೆ ಒಂದು ಉರ್ದು ಮಾತನ್ನೂ ಆಡಲಿಲ್ಲ. ನಾವೂ ಅವಳ ಮುಂದೆ ಕನ್ನಡವನ್ನೇ ಆಡಿದೆವು. ಗಂಡ ಏನಾದರೂ ಮರೆತು ಉರ್ದುವಿನಲ್ಲಿ ಕರೆದರೆ ಅತ್ತೆ ಕಣ್ಣು ಬಿಡುತ್ತಿದ್ದರು. "ಉಂಡಾ ಕಣಮ್ಮಿ? ಯಾಕಮ್ಮಿ ಮಕ ಇಳೆಬುಟ್ಟಿದ್ದೀಯಾ? ಮಲಿಕೋ ಓಗು." ಇಷ್ಟರಲ್ಲೇ ಅವರ ಪ್ರೀತಿಯೆಲ್ಲ ಮುಗಿದುಹೋಗುತ್ತಿತ್ತು. ಅದನ್ನೇ ದಿನಾ ಹೇಳುತ್ತಿದ್ದರು. ಮಗಳಿಗೂ ಅಷ್ಟೇ ಮಾತು ಸಾಕಾಯಿತು. ಉಂಡೆ, ಇಲ್ಲ, ಹೋಗ್ತೀನಿ. ಹತ್ತಿಯ ರಾಶಿಗೆ ಕಥೆ ಹೇಳುವುದು ನಿಂತಿತು. ನಮ್ಮ ಮನೆ ಶಾಂತವಾಯಿತು. ಮಗು ಗಂಭೀರವಾಗಿದೆ, ಇನ್ನು ಓದು ಬರುತ್ತದೆ ಎಂದು ನಾನು ಖುಷಿಪಟ್ಟೆ.

ಓದು ಬರಲಿಲ್ಲ. ವರ್ಷ ಕಳೆಯಿತು, ಮೇಷ್ಟ್ರಿಗೆ ವರ್ಗವಾಯಿತು, ಕೊಂಬು ಇನ್ನೂ ಎಡಕ್ಕೇ ಇತ್ತು. ಐದನೇ ಕ್ಲಾಸಿನ ಟೀಚರು ಸೋಮಾರಿ ಎಂದರು. ಆರನೇ ಕ್ಲಾಸಿನವರು, ಮೊಬೈಲ್ ನೋಡ್ತಾಳಾ ಎಂದರು. ನಾನು ಶಾಲೆಗೆ ಹೋಗಿ ಜಗಳವಾಡಿದೆ. ಹಿಂದಿನ ಬೆಂಚಿನಿಂದ ಮುಂದಕ್ಕೆ ಕೂರಿಸಿ, ಬೋರ್ಡಿನ ಮೇಲಿರುವುದನ್ನು ಒಮ್ಮೆ ಓದಿ ಹೇಳಿ, ಬರೆಯಲು ಸ್ವಲ್ಪ ಹೊತ್ತು ಕೊಡಿ ಎಂದು ಬೇಡಿದೆ. "ನಿಮ್ ಒಬ್ರ ಮಗಳಿಗೋಸ್ಕರ ಕ್ಲಾಸ್ ನಿಲ್ಲಿಸಕಾಯ್ತದಾ?" ಎಂದು ಕೇಳಿದರು. ಮೈ ಉರಿದುಹೋಯಿತು. ಒಬ್ಬಳೇ ಆದರೇನು, ಅವಳೂ ನಿಮ್ಮ ಕ್ಲಾಸಿನವಳೇ ಅಲ್ಲವಾ ಎಂದು ಕೂಗಾಡಿ ಬಂದೆ. ನಾನು ಕೂಗಾಡಿದ ಮಾರನೆಯ ದಿನ ಅವಳು ಮತ್ತೂ ಹಿಂದಕ್ಕೆ ಹೋಗಿ ಕೂತಳು. ಯಾರೂ ಕೂರಿಸಿದ್ದಲ್ಲ, ನಾಚಿಕೆಯಿಂದ ತಾನೇ ಹೋಗಿ ಕೂತದ್ದು. ಆಮೇಲೆ ನಾನು ಶಾಲೆಗೆ ಹೋಗುವುದನ್ನು ಕಡಿಮೆ ಮಾಡಿದೆ.

ಅವಳು ಏಳನೆಯ ಕ್ಲಾಸಿನಲ್ಲಿದ್ದಾಗ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಅಂಗಡಿಯಲ್ಲಿದ್ದ ಒಳ್ಳೆಯ ಹತ್ತಿಯಲ್ಲಿ ನನ್ನ ಗಂಡ ಅವರಿಗೊಂದು ಹಾಸಿಗೆ ಹೊಲಿದರು. ಬಾಯಿ ಸೊಟ್ಟಗಾಗಿತ್ತು, ಆದರೂ ಮಾತು ಹೊರಡುತ್ತಿತ್ತು. ಹೊರಟದ್ದೆಲ್ಲ ಉರ್ದು. ಅಷ್ಟು ವರ್ಷ ಕಷ್ಟಪಟ್ಟು ಆಡಿದ ಕನ್ನಡ ಗುರುತೇ ಸಿಗದಂತೆ ಹೋಗಿಬಿಟ್ಟಿತ್ತು. ನಿಯಮ, ಶಾಲೆ, ಮೇಷ್ಟ್ರು ಯಾವುದೂ ಅವರ ನೆನಪಿನಲ್ಲಿದ್ದಂತೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಮಗಳು ಅವರಿಗೆ ಗಂಜಿ ಕುಡಿಸುತ್ತಿದ್ದಳು. ಅತ್ತೆ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಏನೋ ಹೇಳತೊಡಗಿದರು. ನಾನು ಬಾಗಿಲಲ್ಲಿದ್ದೆ. ತೊದಲುತ್ತಿದ್ದ ಮಾತಿನಲ್ಲಿ 'ಮಲ್ಲಾಹ್' ಎಂಬುದೊಂದು ನನಗೆ ಚೆನ್ನಾಗಿ ಕೇಳಿಸಿತು. ಮಗಳು ಚಮಚ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು.

"ಬ್ಯಾಡ ದಾದಿಮಾ. ಕನ್ನಡದಲ್ಲಿ ಯೋಳಿ. ಉರ್ದು ಕೇಳುದ್ರೆ ನಂಗೆ ಓದು ಬರಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಾತ್ರೆ ತೆಗೆದುಕೊಳ್ಳುವಾಗ ಇದನ್ನು ತಿನ್ನಬಾರದಂತೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ನಾವು ಅವಳಿಗೆ ಹಾಗೆಂದು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ನಾಲ್ಕು ವರ್ಷ ಮನೆಯಲ್ಲಿ ನಡೆದದ್ದನ್ನು ನೋಡಿ ಅವಳೇ ಅರ್ಥ ಮಾಡಿಕೊಂಡಿದ್ದಳು. ದಾದಿಮಾನ ಮಾತು ಅಂಟಿಕೊಳ್ಳುವ ರೋಗವೆಂದು ನಂಬಿದ್ದಳು. ನಾನು ಓಡಿಹೋಗಿ ಅವಳ ಕೈ ತೆಗೆದು, ಕೇಳು, ಏನೂ ಆಗಲ್ಲ ಅನ್ನಬೇಕಿತ್ತು. ಆದರೆ ಆಗ ನಾನೂ ಅದನ್ನೇ ನಂಬಿದ್ದೆನಲ್ಲ. ಅತ್ತೆ ಅವಳನ್ನೇ ನೋಡಿದರು, ಅವಳ ಮಣಿಕಟ್ಟು ಬಿಟ್ಟರು, ಗಂಜಿಗೆ ಬಾಯಿ ತೆರೆದರು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟರು.

ಒಂಬತ್ತನೇ ಕ್ಲಾಸಿಗೆ ಬಂದಾಗ ಹೈಸ್ಕೂಲಿನವರು, ಇವಳು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ, ಶಾಲೆಯ ರಿಸಲ್ಟ್ ಹಾಳಾಗುತ್ತದೆ, ಬಿಡಿಸಿ ಹೊಲಿಗೆಗೆ ಹಾಕಿ ಎಂದರು. ಅಷ್ಟು ಹೊತ್ತಿಗೆ ಅವಳೂ ಹೂಂ ಅಂದಿದ್ದಳು. ಗಂಡನೂ ಹೂಂ ಅನ್ನುವ ಅಂಚಿನಲ್ಲಿದ್ದರು. ಆ ದಿನಗಳಲ್ಲೇ ಬ್ಲಾಕ್ ಕಚೇರಿಯಿಂದ ಒಬ್ಬ ವಿಶೇಷ ಶಿಕ್ಷಕಿ ಶಾಲೆಗೆ ಬಂದಿದ್ದರು. ಸಂತೆಮರಹಳ್ಳಿ ಕಡೆಯ ಹೆಣ್ಣುಮಗಳು. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನು ನೋಡಲು ಬಂದವರು ನನ್ನ ಮಗಳ ಉತ್ತರಪತ್ರಿಕೆಯನ್ನೂ ನೋಡಿ ಮನೆಗೇ ಬಂದರು.

"ಅಕ್ಕಾ, ಬುಡುಸ್‌ಬ್ಯಾಡಿ. ಇದು ಸೋಮಾರಿತನ ಅಲ್ಲ. ಓದು ಬರಹದಲ್ಲೇ ತೊಡಕಿರೋ ಮಕ್ಕಳು ಇರ್ತವೆ. ಚಾಮರಾಜನಗರದ ಆಸ್ಪತ್ರೇಲಿ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ರೆ ಹತ್ತನೇ ಕ್ಲಾಸಲ್ಲಿ ಇವಳು ಬಾಯಲ್ಲಿ ಯೋಳಬೋದು, ಪಕ್ಕದಲ್ಲಿ ಕೂತು ಬೇರೆ ಮಗ ಬರೀತದೆ. ಟೈಮೂ ಜಾಸ್ತಿ ಕೊಡ್ತಾರೆ."

ನನ್ನ ಗಂಡ ಸರ್ಟಿಫಿಕೇಟ್ ಎಂಬ ಮಾತಿಗೇ ಹೆದರಿದರು. ನಾಳೆ ಮದುವೆಗೆ ಕೇಳಲು ಬಂದವರು ಹುಡುಗಿಗೆ ಏನೋ ಇದೆಯಂತೆ ಅಂದರೆ ಎಂದರು. ನಾನು, "ಏನೋ ಇದೆ ತಾನೇ? ಒಂಬತ್ತು ವರ್ಷದಿಂದ ಇದೆ. ಈಗ ಅದಕ್ಕೊಂದು ಹೆಸರಾದರೂ ಬರಲಿ" ಎಂದೆ.

ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೇ ಹೋದೆವು. ಚೆಂಡುಹೂವಿನ ಕಾಲ. ಹೊಲದ ಬದುವಿನಲ್ಲಿ ಕಾರು ನಿಲ್ಲಿಸಿಕೊಂಡು ಕೇರಳದವರು ಫೋಟೋ ತೆಗೆಯುತ್ತಿದ್ದರು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ತವರೂರಿಗೆ ನಾನು ಅಷ್ಟು ಭಯದಿಂದ ಯಾವತ್ತೂ ಹೋಗಿರಲಿಲ್ಲ. ಮೊದಲ ಸಲ ನೋಡಿದ ಡಾಕ್ಟರು ಕಣ್ಣು, ಕಿವಿ ಎಲ್ಲ ಪರೀಕ್ಷೆ ಮಾಡಿಸಿ, ಮನೆಯ ಮಾತು ಯಾವುದು ಎಂದು ಕೇಳಿದರು. ಉರ್ದು ಎಂದೆ. ಹಾಗಾದರೆ ಈ ತೊಂದರೆ ಭಾಷೆಯಿಂದ ಬಂದದ್ದಲ್ಲ ಎಂದು ಗೊತ್ತಾಗಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ, ಮನಶ್ಶಾಸ್ತ್ರದ ಮ್ಯಾಡಮ್ ಬರುವ ದಿನ ಬನ್ನಿ ಎಂದರು. ಮತ್ತೆ ಅದೇ ಉರ್ದು ಅಡ್ಡ ಬಂದು ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಮಗಳು ನನ್ನ ಸೆರಗು ಹಿಡಿದುಕೊಂಡು, "ಬುಡಿ ಅಮ್ಮಿ, ಹೊಲಿಗೆ ಕಲೀತೀನಿ" ಎಂದಳು.

ಎರಡನೆಯ ಸಲ ಹೋದಾಗ ಆ ಮ್ಯಾಡಮ್ ಇದ್ದರು. ಚಿಕ್ಕ ವಯಸ್ಸಿನವರು, ಅವರಿಗೆ ಉರ್ದು ಅರ್ಥವಾಗುತ್ತಿತ್ತು. ಓದಿಸಿದರು, ಬರೆಸಿದರು, ಚಿತ್ರ ಜೋಡಿಸಲು ಕೊಟ್ಟರು. ಆಮೇಲೆ ನನ್ನನ್ನೂ ಒಳಗೆ ಕರೆದು ಕೂರಿಸಿಕೊಂಡು, ಮಗಳಿಗೆ ಹೇಳಿದರು, "ನಿಮ್ಮ ಮನೆ ಭಾಷೇಲಿ ನಿಂಗೆ ಬರೋ ಒಂದು ಕಥೆ ಹೇಳು ಪುಟ್ಟಾ. ಯಾವುದಾದ್ರೂ ಸರಿ."

ಮಗಳು ನನ್ನ ಮುಖ ನೋಡಿದಳು. "ಉರ್ದು ಮಾತಾಡ್ಬೋದಾ ಅಮ್ಮಿ?" ಎಂದು ಕನ್ನಡದಲ್ಲಿ ಕೇಳಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಅವಳು ಶುರು ಮಾಡಿದಳು. ದರ್ಜಿಯ ಮಗಳು, ಗುಂಡಿ, ಮಿಠಾಯಿ ಅಂಗಡಿಯ ತಕ್ಕಡಿ. ಮೊದಲು ಮಾತು ತಡೆದು ತಡೆದು ಬಂತು, ಆಮೇಲೆ ಸಲೀಸಾಯಿತು. ಹದಿನೈದು ವರ್ಷದ ಹುಡುಗಿ ಎಂಟು ವರ್ಷದ ಮಗುವಿನ ಉರ್ದು ಆಡುತ್ತಿದ್ದಳು. ಅವಳ ಭಾಷೆ ಅಲ್ಲೇ ನಿಂತುಹೋಗಿತ್ತು. ಆದರೆ ಒಂದು ಊರನ್ನೂ ಬಿಡಲಿಲ್ಲ. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳದೆ ಹೋದ ಊರುಗಳೆಲ್ಲ ಬಂದವು. ಮದುಮಗಳ ಕುಪ್ಪಸದ ಮಾತು ಮುಗಿಸಿ ಸಣ್ಣಗೆ ಕೆಮ್ಮಿದಳು, ನಮ್ಮ ಅತ್ತೆಯ ಕೆಮ್ಮು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ದರ್ಜಿಯ ಮಗಳು ನದಿಗೆ ಬಂದಳು. ಮಲ್ಲಾಹ್ ಬಂದ. ಗುಂಡಿ ಬೇಡ, ಒಂದು ಮಾತು ಕೇಳ್ತೀನಿ, ಜವಾಬು ಹೇಳು ಎಂದ.

ಮಗಳು ನಿಲ್ಲಿಸಿದಳು.

"ಆಮೇಲೆ?" ಎಂದರು ಮ್ಯಾಡಮ್.

"ಅಷ್ಟೇ ಮ್ಯಾಡಮ್. ಆಮೇಲೆ ಕನ್ನಡ ಬಂತು."

ಮ್ಯಾಡಮ್‌ಗೆ ಅದು ಅರ್ಥವಾಗಲಿಲ್ಲ, ನನ್ನ ಕಡೆ ನೋಡಿದರು. ನಾನು ಮೇಷ್ಟ್ರು ಹೇಳಿದ್ದು, ಅತ್ತೆ ಮಾಡಿದ್ದು ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಎರಡು ಭಾಷೆಯಿಂದ ಯಾವ ಮಗುವಿಗೂ ಹೀಗಾಗುವುದಿಲ್ಲ, ಇವಳು ಯಾವ ಲಿಪಿ ಕಲಿತಿದ್ದರೂ ಇದೇ ತೊಡಕು ಇರುತ್ತಿತ್ತು, ಇಂಥ ಮಕ್ಕಳಿಗೆ ಕಿವಿಯೇ ದಾರಿ, ಮನೆಯಲ್ಲಿ ಎಷ್ಟು ಮಾತು ಕೇಳಿದರೆ ಅಷ್ಟು ಒಳ್ಳೆಯದಿತ್ತು ಎಂದರು. ಅವರು ಮೆತ್ತಗೆ ಹೇಳಿದರು, ನನಗೆ ಪ್ರತಿ ಮಾತೂ ಕೆನ್ನೆಗೆ ಬಿದ್ದಂತಾಯಿತು. ಯಾರ ಮೇಲೆ ಸಿಟ್ಟು ಮಾಡಲಿ? ಮೇಷ್ಟ್ರು ಎಲ್ಲಿದ್ದಾರೋ ಗೊತ್ತಿಲ್ಲ. ಅತ್ತೆ ಮಣ್ಣಿನಲ್ಲಿದ್ದಾರೆ.

ಸರ್ಟಿಫಿಕೇಟ್ ಬಂತು. ಹೈಸ್ಕೂಲಿನವರು ಮುಖ ಸಿಂಡರಿಸಿಕೊಂಡೇ ಒಪ್ಪಿದರು. ಈಗ ಅವಳು ಹತ್ತನೆಯ ಕ್ಲಾಸು. ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ವಾರಕ್ಕೊಮ್ಮೆ ನಮ್ಮ ಪಡಸಾಲೆಗೆ ಬರುತ್ತಾಳೆ, ಇವಳು ಹೇಳಬೇಕು, ಅವಳು ಬರೆಯಬೇಕು, ಹಾಗೆ ಅಭ್ಯಾಸ. ಪಾಠವೆಲ್ಲ ಇವಳಿಗೆ ಗೊತ್ತು, ಕ್ಲಾಸಿನಲ್ಲಿ ಕೇಳಿದ್ದು ಹಾಗೇ ತಲೆಯಲ್ಲಿದೆ. ಆದರೆ ಒಂದು ವಾಕ್ಯ ಹೇಳಿ ನಿಂತುಬಿಡುತ್ತಾಳೆ. ಎರಡನೆಯದು ಬಾಯಿಗೆ ಬರುವುದಿಲ್ಲ. ಬರೆಯುವ ಹುಡುಗಿ ಪೆನ್ನು ಹಿಡಿದು ಕಾಯುತ್ತಾಳೆ, "ಯೋಳಕ್ಕಾ" ಅನ್ನುತ್ತಾಳೆ. ಇವಳು ಗೋಡೆ ನೋಡುತ್ತಾಳೆ. ಬಾಯಿ ಒಂದಿದ್ದರೆ ಸಾಕು ಎಂದು ಸರ್ಕಾರವೇ ಹೇಳಿರುವಾಗ, ಆ ಬಾಯಿಯನ್ನು ನಾವು ಮನೆಯಲ್ಲೇ ಮುಚ್ಚಿಸಿಟ್ಟಿದ್ದೆವು.

ವಿಶೇಷ ಶಿಕ್ಷಕಿ ಒಂದು ಉಪಾಯ ಹೇಳಿದರು. "ಮೊದ್ಲು ಉದ್ದುಕ್ಕೆ ಮಾತಾಡದ ಕಲೀಲಿ ಅಕ್ಕಾ. ಪಾಠ ಬ್ಯಾಡ. ಆಸ್ಪತ್ರೇಲಿ ಯೋಳುದ್ಲಲ್ಲ, ಆ ಕಥೇನೇ ದಿನಾ ಯೋಳ್ಲಿ, ನಿಮ್ ಮಾತಲ್ಲೇ. ಪೂರ್ತಿ ಮುಗಿಸ್ಲಿ."

ಆ ಸಂಜೆ ಅಂಗಡಿ ಬಾಗಿಲು ಹಾಕಿ ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ಎಷ್ಟೋ ವರ್ಷಗಳ ಮೇಲೆ ಮೂವರೂ ಉರ್ದುವಿನಲ್ಲಿ ಮಾತಾಡಿದೆವು, ಯಾರದೋ ಮನೆಯಲ್ಲಿ ಕೂತಂತೆ ಸಂಕೋಚವಾಗುತ್ತಿತ್ತು. ಮಗಳು ಕಥೆ ಹೇಳಿದಳು, ನದಿಗೆ ಬಂದಳು, ನಿಂತಳು. ನನ್ನ ಗಂಡನ ಕಡೆ ತಿರುಗಿ, "ಮಲ್ಲಾಹ್ ಏನು ಕೇಳಿದ ಅಬ್ಬಾ?" ಎಂದಳು.

ನನಗೂ ಅದೇ ನಂಬಿಕೆಯಿತ್ತು. ಅವರ ತಾಯಿಯ ಕಥೆ, ಅದೇ ಪಡಸಾಲೆಯಲ್ಲಿ ಬೆಳೆದವರು, ಅವರಿಗೆ ಗೊತ್ತಿರಲೇಬೇಕು. ಅವರು ಬಹಳ ಹೊತ್ತು ತಲೆ ಕೆರೆದುಕೊಂಡರು.

"ನಂಗೊತ್ತಿಲ್ಲ ಬೇಟಾ. ನಾನೂ ಹತ್ತಿ ಮೇಲೆ ಬಿದ್ಕೊಂಡೇ ಕೇಳ್ತಿದ್ದೆ. ನದಿ ಬರೋ ಹೊತ್ತಿಗೆ ಯಾವಾಗಲೂ ನಿದ್ದೆ ಹೋಗಿಬಿಡ್ತಿದ್ದೆ."

ಮಗಳು ಕೆಳಗೆ ಬಿದ್ದಿದ್ದ ಹತ್ತಿಯ ಎಳೆಯೊಂದನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದಳು.

"ನಾನು ನಿದ್ದೆ ಮಾಡಿರಲಿಲ್ಲ ಅಬ್ಬಾ" ಎಂದಳು. "ನಾನು ಎದ್ದೇ ಇದ್ದೆ."